ಕಾರ್ಡ್ ಅದೇ, ಹೆಸರು ಬೇರೆ: ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ಹೆಸರು ಬದಲಾದಾಗ

ಬಾಗಲಕೋಟೆಯ ನವನಗರದಲ್ಲಿ ನಾವು ಕೆಲವರು ಅಭ್ಯಾಸಕ್ಕೆಂದು ಇಟ್ಟುಕೊಂಡಿರುವ ಡೆಬಿಯನ್ (ಲಿನಕ್ಸ್‌ನ ಒಂದು ರೂಪ) ಯಂತ್ರಕ್ಕೆ ಎನ್‌ವಿಎಂಇ ಡಿಸ್ಕ್ ಒಂದನ್ನು ಕೂಡಿಸಿ ಚಾಲೂ ಮಾಡಿದಾಗ ನೆಟ್‌ವರ್ಕ್ ಬರಲಿಲ್ಲ. ಎರಡು ಕೇಬಲ್ ಬದಲಿಸಿ ಅರ್ಧ ಗಂಟೆ ಕಳೆದ ಮೇಲೆ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್ ತೆರೆದೆವು. ನೆಟ್‌ವರ್ಕ್ ಕಾರ್ಡಿನ ಹೆಸರಾದ ‘ಇಟಿಎಚ್0’ ಅನ್ನು ‘ಇಎನ್‌ಪಿ4ಎಸ್0’ ಎಂದು ಮರುಹೆಸರಿಸಲಾಗಿದೆ ಎಂಬ ಸಾಲು ಅಲ್ಲಿತ್ತು. ನಮ್ಮ ನೆಟ್‌ವರ್ಕ್ ಸಂರಚನಾ ಕಡತದಲ್ಲಿದ್ದುದು ‘ಇಎನ್‌ಪಿ3ಎಸ್0’. ಇಲ್ಲದ ಹೆಸರಿಗೆ ಐಪಿ ವಿಳಾಸ ಕೊಡಲು ಯಂತ್ರ ಹೆಣಗುತ್ತಿತ್ತು.

ಕರ್ನಲ್ ಕಾರ್ಡುಗಳನ್ನು ಕಂಡ ಕ್ರಮದಲ್ಲಿ ಇಟಿಎಚ್0, ಇಟಿಎಚ್1 ಎಂದು ಕರೆಯುತ್ತದೆ. ಎರಡು ಕಾರ್ಡುಗಳಿದ್ದರೆ ಈ ಕ್ರಮ ಒಂದೊಂದು ಬೂಟ್‌ಗೆ ಒಂದೊಂದು ತೆರನಾಗಬಹುದು. ಆ ಗೊಂದಲ ತಪ್ಪಿಸಲೆಂದು 2013ರಲ್ಲಿ ಬಂದ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಬೂಟ್ ಮತ್ತು ಸೇವೆಗಳನ್ನು ನಡೆಸುವ ತಂತ್ರಾಂಶ) 197ನೇ ಆವೃತ್ತಿಯಿಂದ ಕಾರ್ಡ್ ಕುಳಿತ ಜಾಗದಿಂದಲೇ ಹೆಸರು ಕಟ್ಟುವ ಪದ್ಧತಿ ಬಂದಿತು. ‘ಇಎನ್’ ಎಂದರೆ ಈಥರ್ನೆಟ್, ‘ಪಿ3’ ಎಂದರೆ ಪಿಸಿಐ (ಕಾರ್ಡುಗಳು ಮದರ್‌ಬೋರ್ಡಿಗೆ ಜೋಡಣೆಯಾಗುವ ವ್ಯವಸ್ಥೆ) ಬಸ್ 3, ‘ಎಸ್0’ ಎಂದರೆ ಅದರ ಸ್ಲಾಟ್ 0. ಅದೇ ಪಿಸಿಐ ಮೂಲಕ ಜೋಡಣೆಯಾಗುವ ಹೊಸ ಡಿಸ್ಕ್ ನಡುವೆ ಒಂದು ಬಸ್ ಸಂಖ್ಯೆಯನ್ನು ಹಿಡಿದದ್ದರಿಂದ ನಮ್ಮ ಕಾರ್ಡ್ 3ರಿಂದ 4ಕ್ಕೆ ಸರಿಯಿತು. ಮುಳುಗಡೆಯಲ್ಲಿ ಹಳೆ ಊರು ಬಿಟ್ಟು ನವನಗರಕ್ಕೆ ಬಂದವರ ಮನೆತನ ಅದೇ ಉಳಿದು ವಿಳಾಸಕ್ಕೆ ಸೆಕ್ಟರ್ ಸಂಖ್ಯೆ ಸೇರಿದ ಹಾಗೆ, ಇಲ್ಲಿಯೂ ಕಾರ್ಡ್ ಬದಲಾಗಿಲ್ಲ, ವಿಳಾಸ ಬದಲಾಗಿದೆ. ಪಿಸಿಐ ಸಾಧನಗಳ ಪಟ್ಟಿಯಲ್ಲಿ ಬಸ್ ಸಂಖ್ಯೆ ಹದಿನಾರರ ಮೂಲದಲ್ಲಿ, ಇಂಟರ್‌ಫೇಸ್ ಹೆಸರಿನಲ್ಲಿ ಹತ್ತರ ಮೂಲದಲ್ಲಿ ಇರುತ್ತದೆ. ಅಲ್ಲಿನ ‘0ಎ’ ಇಲ್ಲಿ ‘ಪಿ10’ ಆಗುತ್ತದೆ. ಇದು ನನ್ನನ್ನು ಒಮ್ಮೆ ಚೆನ್ನಾಗಿಯೇ ದಾರಿ ತಪ್ಪಿಸಿದೆ.

ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ನವೀಕರಣದಿಂದಲೂ, ಸಿಸ್ಟಮ್‌ಡಿಯ ಹೆಸರಿಡುವ ನಿಯಮ ಬದಲಾಗುವುದರಿಂದಲೂ ಹೀಗಾಗಬಹುದು.

ಸಂರಚನೆಯಲ್ಲಿ 3 ಅಳಿಸಿ 4 ಬರೆದರೆ ಅಂದಿನ ಕೆಲಸ ನಡೆಯುತ್ತದೆ, ಆದರೆ ಮುಂದಿನ ಕಾರ್ಡ್ ಕೂಡಿಸಿದ ದಿನ ಅದೇ ಪಾಡು. ಬೂಟ್ ಸಾಲಿನಲ್ಲಿ ‘ನೆಟ್.ಇಫ್‌ನೇಮ್ಸ್=0’ ಸೇರಿಸಿ ಹಳೆಯ ಪದ್ಧತಿಗೆ ಮರಳುವುದು ಒಂದೇ ಕಾರ್ಡ್ ಇದ್ದಲ್ಲಿ ಮಾತ್ರ ಸಲ್ಲುತ್ತದೆ. ನಾವು ಮಾಡಿದ್ದು ಬೇರೆ: ಸಂರಚನಾ ಕಡತಗಳಿರುವ ಇಟಿಸಿಯೊಳಗಿನ ಸಿಸ್ಟಮ್‌ಡಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ, 10ರಿಂದ ಆರಂಭವಾಗುವ ಹೆಸರಿನ ‘ಲಿಂಕ್’ ಕಡತವೊಂದನ್ನು ಬರೆದು, ಈ ಮ್ಯಾಕ್ ವಿಳಾಸದ (ಕಾರ್ಡಿಗೆ ತಯಾರಕರೇ ಕೊಟ್ಟ ಗುರುತಿನ ಸಂಖ್ಯೆ) ಕಾರ್ಡಿಗೆ ‘ಲ್ಯಾನ್0’ ಎಂಬ ಹೆಸರಿರಲಿ ಎಂದು ಹೇಳಿದೆವು. ಹೊಂದಿಸುವಾಗ ಕಾರ್ಡಿನ ಶಾಶ್ವತ ಮ್ಯಾಕ್ ವಿಳಾಸವನ್ನೇ ಬಳಸಬೇಕು, ಏಕೆಂದರೆ ಬ್ರಿಡ್ಜ್ ಮತ್ತು ವಿಎಲ್ಯಾನ್‌ನಂಥ, ಕಾರ್ಡಿನ ಮೇಲೆ ತಂತ್ರಾಂಶದಲ್ಲೇ ಕಟ್ಟಿದ ಇಂಟರ್‌ಫೇಸ್‌ಗಳು ಕಾರ್ಡಿನ ಮ್ಯಾಕ್ ಅನ್ನೇ ಹೊದ್ದುಕೊಂಡು ಬಂದು ಅದೇ ಹೆಸರನ್ನು ಕೇಳಬಹುದು. ಹೊಸ ಹೆಸರಾಗಿ ‘ಇಟಿಎಚ್0’ ಆರಿಸಬಾರದು. ಕರ್ನಲ್ ತಾನೇ ಅದನ್ನು ಮತ್ತೊಂದು ಕಾರ್ಡಿಗೆ ಕೊಟ್ಟಿದ್ದರೆ ಮರುಹೆಸರಿಸುವಿಕೆ ವಿಫಲವಾಗುತ್ತದೆ.

ಇಷ್ಟಾದರೂ ಮೊದಲ ರೀಬೂಟ್‌ನಲ್ಲಿ ಹೆಸರು ಬದಲಾಗಲಿಲ್ಲ. ಬೂಟ್‌ನ ಆರಂಭದಲ್ಲಿ ಮೆಮೊರಿಗೆ ಬರುವ ಪುಟ್ಟ ತಾತ್ಕಾಲಿಕ ವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್‌ನೊಳಗೇ ಕಾರ್ಡಿಗೆ ನಾಮಕರಣ ಮುಗಿದುಹೋಗುತ್ತಿತ್ತು, ಅದರಲ್ಲಿ ನಮ್ಮ ಕಡತವಿರಲಿಲ್ಲ. ಅದನ್ನು ಮರುನಿರ್ಮಿಸಿ, ಸಂರಚನೆಯಲ್ಲೂ ‘ಲ್ಯಾನ್0’ ಬರೆದು ಮತ್ತೆ ಚಾಲೂ ಮಾಡಿದಾಗ ಕಾರ್ಡ್ ಹೊಸ ಹೆಸರಿನಲ್ಲಿ ಬಂದು ತನ್ನ ಐಪಿ ವಿಳಾಸ ಪಡೆಯಿತು.