ಸೆಲೆಕ್ಟ್ ಇಂಟು ಬರೆದರೆ ‘ನೋ ಡೇಟಾ ಫೌಂಡ್’ ಎರರ್ ಯಾಕೆ?

ಪ್ರಶ್ನೆ: ಸಾಲು ಸಿಗದಿದ್ದರೆ ಎಸ್‌ಕ್ಯೂಎಲ್ ಕ್ವೆರಿ ‘ನೋ ರೋಸ್ ಸೆಲೆಕ್ಟೆಡ್’ ಎಂದು ಸುಮ್ಮನಾಗುತ್ತದೆ. ಅದನ್ನೇ ಒರಾಕಲ್ ಡೇಟಾಬೇಸಿನ ಪ್ರೋಗ್ರಾಂ ಭಾಷೆಯಾದ ಪಿಎಲ್/ಎಸ್‌ಕ್ಯೂಎಲ್‌ನ ಬ್ಲಾಕಿನಲ್ಲಿ ಸೆಲೆಕ್ಟ್ ಇಂಟು ಮಾಡಿ ಹಾಕಿದರೆ ಓಆರ್‌ಎ-01403 ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಯಾಕೆ?

ಉತ್ತರ: ಸೆಲೆಕ್ಟ್ ಇಂಟು ತಂದದ್ದನ್ನು ವೇರಿಯಬಲ್‌ಗೆ ತುಂಬಬೇಕು, ಸಾಮಾನ್ಯ ವೇರಿಯಬಲ್ ಹಿಡಿಯುವುದು ಒಂದೇ ವ್ಯಾಲ್ಯೂ. ಹಾಗಾಗಿ ಕ್ವೆರಿಯಿಂದ ಒಂದೇ ಒಂದು ಸಾಲು ಬರಬೇಕು. ಒಂದೂ ಬರದಿದ್ದರೆ 01403. ಒಂದಕ್ಕಿಂತ ಹೆಚ್ಚು ಬಂದರೆ 01422, ಅಂದರೆ ‘ಟೂ ಮೆನಿ ರೋಸ್’.

ಎರರ್ ಎದ್ದ ಕೂಡಲೇ ಬಿಗಿನ್ ಭಾಗದಲ್ಲಿ ಉಳಿದ ಕೋಡ್ ಬಿಟ್ಟು ಕಂಟ್ರೋಲ್ ಎಕ್ಸೆಪ್ಶನ್ ಭಾಗಕ್ಕೆ (ಎರರ್ ಬಂದರೆ ಏನು ಮಾಡಬೇಕೆಂದು ಬರೆಯುವ ಜಾಗ) ಹೋಗುತ್ತದೆ, ಮರಳಿ ಬರುವುದಿಲ್ಲ. ಹೊಸಬರು ಎಡವುವುದು ಇಲ್ಲೇ. 100 ಉದ್ಯೋಗಿಗಳ ಲೂಪಿನಲ್ಲಿ 37ನೆಯವರ ಬ್ಯಾಂಕ್ ಖಾತೆ ದಾಖಲಾಗಿಲ್ಲ ಎನ್ನಿ. ಎಕ್ಸೆಪ್ಶನ್ ಲೂಪಿನ ಹೊರಗಿದ್ದರೆ ಉಳಿದ 63 ಜನರ ಸರದಿ ಬರುವುದೇ ಇಲ್ಲ. ಎರರನ್ನು ಅಲ್ಲಿ ನುಂಗಿಬಿಟ್ಟಿದ್ದರಂತೂ ಪರದೆಯ ಮೇಲೆ ‘ಸಕ್ಸಸ್‌ಫುಲಿ ಕಂಪ್ಲೀಟೆಡ್’ ಎಂದೇ ಕಾಣುತ್ತದೆ!

ಆ ಸೆಲೆಕ್ಟ್‌ಗೆ ಲೂಪಿನ ಒಳಗೇ ಬೇರೆ ಬಿಗಿನ್, ಎಕ್ಸೆಪ್ಶನ್, ಎಂಡ್ ಕೊಡಿ. ‘ವೆನ್ ನೋ_ಡೇಟಾ_ಫೌಂಡ್ ದೆನ್’ ಆದಮೇಲೆ ವೇರಿಯಬಲ್‌ಗೆ ನಲ್ (ವ್ಯಾಲ್ಯೂ ಇಲ್ಲ ಎಂಬ ಗುರುತು) ಹಾಕಿ. ಇದನ್ನು ಮರೆತರೆ ಹಿಂದಿನ ಸುತ್ತಿನ ವ್ಯಾಲ್ಯೂ ಹಾಗೇ ಉಳಿದು, 36ನೆಯವರ ಖಾತೆ ನಂಬರು 37ನೆಯವರ ಹೆಸರಿಗೆ ಬೀಳುತ್ತದೆ. ‘ವೆನ್ ಅದರ್ಸ್ ದೆನ್ ನಲ್’ (ಬೇರೆ ಯಾವ ಎರರ್ ಬಂದರೂ ಏನೂ ಮಾಡಬೇಡ) ಮಾತ್ರ ಬೇಡ: ಟೇಬಲ್‌ಸ್ಪೇಸ್, ಅಂದರೆ ಡೇಟಾ ಇಡುವ ಜಾಗ, ತುಂಬಿದ್ದೂ ಗೊತ್ತಾಗದಂತೆ ಅದು ಎಲ್ಲ ತಪ್ಪನ್ನೂ ಮುಚ್ಚಿಹಾಕುತ್ತದೆ.

ಪ್ರೈಮರಿ ಕೀ (ಪ್ರತಿ ಸಾಲಿಗೂ ಬೇರೆಯಾಗಿರುವ ಗುರುತು) ಕೊಟ್ಟು ಹುಡುಕಿದರೂ 01422 ಬರುತ್ತಿದೆಯೇ? ಹೆಸರು ನೋಡಿ. ಕಾಲಂ, ಪ್ಯಾರಾಮೀಟರ್ ಎರಡಕ್ಕೂ ಎಂಪ್_ಐಡಿ ಎಂದೇ ಇಟ್ಟಿದ್ದರೆ ‘ವೇರ್ ಎಂಪ್_ಐಡಿ = ಎಂಪ್_ಐಡಿ’ ಎಂಬಲ್ಲಿ ಒರಾಕಲ್ ಎರಡನ್ನೂ ಕಾಲಂ ಎಂದೇ ಓದುತ್ತದೆ; ಷರತ್ತು ಎಲ್ಲ ಸಾಲಿಗೂ ಹೊಂದುತ್ತದೆ. ಸೆಲೆಕ್ಟ್‌ನಲ್ಲಾದರೆ ಎರರ್ ಬಂದು ಬಚಾವ್. ಡಿಲೀಟ್‌ನಲ್ಲಾದರೆ ಇಡೀ ಟೇಬಲ್ ಖಾಲಿ, ಎರರೂ ಇಲ್ಲ. ಪ್ಯಾರಾಮೀಟರ್‌ಗೆ ಪಿ_, ವೇರಿಯಬಲ್‌ಗೆ ವಿ_ ಎಂದು ಮುಂದೆ ಸೇರಿಸುವ ರೂಢಿ ಇದಕ್ಕೇ.

ಕೆಲವರು ಕಾಲಂಗೆ ಮ್ಯಾಕ್ಸ್ (ಅತಿ ದೊಡ್ಡ ವ್ಯಾಲ್ಯೂ ಕೊಡುವ ಫಂಕ್ಷನ್) ಸುತ್ತಿ ಎರರ್ ತಪ್ಪಿಸಿಕೊಳ್ಳುತ್ತಾರೆ. ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವುದು) ಇಲ್ಲದ ಮ್ಯಾಕ್ಸ್ ಯಾವಾಗಲೂ ಒಂದು ಸಾಲು ಕೊಡುತ್ತದೆ, ಏನೂ ಸಿಗದಿದ್ದರೆ ನಲ್. ಆದರೆ ಎರಡು ಸಾಲಿದ್ದಾಗಲೂ ಅದು ಬಾಯಿಬಿಡುವುದಿಲ್ಲ. ಡೂಪ್ಲಿಕೇಟ್ ಡೇಟಾ ಹಾಗೇ ಉಳಿಯುತ್ತದೆ.

ಅಪ್‌ಡೇಟ್, ಡಿಲೀಟ್‌ಗೆ ಈ ಒಂದು ಸಾಲಿನ ಕಟ್ಟುಪಾಡಿಲ್ಲ. ಯಾವ ಸಾಲೂ ಸಿಗದಿದ್ದರೂ ಎರರ್ ಬಾರದು. ಅಲ್ಲಿ ಮುಂದಿನ ಹೇಳಿಕೆಯಲ್ಲೇ ಎಸ್‌ಕ್ಯೂಎಲ್%ರೋಕೌಂಟ್ (ಎಷ್ಟು ಸಾಲು ಬದಲಾದವು ಎಂಬ ಲೆಕ್ಕ) ಸೊನ್ನೆಯೇ ಎಂದು ನೋಡಿ. ನಡುವೆ ಕಮಿಟ್ (ಬದಲಾವಣೆ ಕಾಯಂ ಮಾಡುವ ಆದೇಶ) ಕೊಟ್ಟರೆ ಆ ಲೆಕ್ಕ ಕೈತಪ್ಪುತ್ತದೆ.