ಪ್ಲೇಗ್ ಬಂದಾಗ ಈಮ್ ಜನ ನಿಜಕ್ಕೂ ಊರು ಬಿಡಲಿಲ್ಲವೇ?

ಪ್ರಶ್ನೆ: ಇಂಗ್ಲೆಂಡಿನ ಈಮ್ ಎಂಬ ಹಳ್ಳಿಯ ಜನ ಪ್ಲೇಗ್ ಹರಡಬಾರದು ಅಂತ ತಾವೇ ದಿಗ್ಬಂಧನ ಹಾಕಿಕೊಂಡರಂತೆ. ಇದು ನಿಜವೇ? ಈಗ ಹೋದರೆ ಗುರುತು ಏನಾದರೂ ಸಿಗುತ್ತದಾ?

ನಿಜ. ಆದರೆ ಒಬ್ಬರೂ ಹೊರಗೆ ಹೋಗಲಿಲ್ಲ ಅನ್ನುವುದು ಸರಿಯಲ್ಲ. ಉಳ್ಳವರಲ್ಲಿ ಕೆಲವರು ಮೊದಲೇ ಹೊರಟಿದ್ದರು. ಪಾದ್ರಿ ವಿಲಿಯಂ ಮೊಂಪೆಸನ್ ಕೂಡ ತಮ್ಮ ಮಕ್ಕಳನ್ನು ಬೇರೆ ಕಡೆ ಕಳಿಸಿದ್ದರು. ಹೆಂಡತಿ ಕ್ಯಾಥರೀನ್ ಮಾತ್ರ ಅವರ ಜೊತೆಗೇ ಉಳಿದರು.

ಈಮ್ ಇರುವುದು ಡರ್ಬಿಶೈರ್‌ನಲ್ಲಿ. 1665ರಲ್ಲಿ ಲಂಡನ್ನಿನಿಂದ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಒದ್ದೆಯಾಗಿದ್ದ ಬಟ್ಟೆಯನ್ನು ಒಲೆಯ ಮುಂದೆ ಹರವಿದ ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ರೋಗ ತಂದದ್ದು ಅದರಲ್ಲಿದ್ದ ಚಿಗಟಗಳು ಅಂತ ಊರಿನ ಕಥೆ ಹೇಳುತ್ತದೆ.

1666ರ ಜೂನ್‌ನಲ್ಲಿ ಊರಿನ ಗಡಿ ಮುಚ್ಚುವ ಮಾತು ಬಂತು. ಮೊಂಪೆಸನ್ ಹೊಸಬರು, ಜನಕ್ಕೆ ಅವರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಹೊಸ ಪ್ರಾರ್ಥನಾ ಕಾನೂನಿಗೆ ಒಪ್ಪದೆ ಹುದ್ದೆ ಕಳೆದುಕೊಂಡಿದ್ದರು. ಆದರೂ ಜನ ಕೇಳುತ್ತಿದ್ದದ್ದು ಅವರ ಮಾತನ್ನೇ. ಧರ್ಮದ ವಿಷಯದಲ್ಲಿ ಎದುರುಬದುರಾಗಿದ್ದ ಇಬ್ಬರೂ ಸೇರಿ ಕೇಳಿಕೊಂಡಾಗ ಊರು ಒಪ್ಪಿತು. ನನಗೆ ಇಡೀ ಕಥೆಯಲ್ಲಿ ಇದೇ ದೊಡ್ಡದು.

ನೋಡಲು ಹೋದರೆ ಸ್ಟೋನಿ ಮಿಡಲ್‌ಟನ್ ದಾರಿಯ ಗಡಿಕಲ್ಲಿನಿಂದ ಶುರು ಮಾಡಿ. ಅದರಲ್ಲಿ ತೂತುಗಳಿವೆ. ನಾಣ್ಯದಿಂದ ರೋಗ ಅಂಟಬಾರದು ಅಂತ ಅವುಗಳಲ್ಲಿ ವಿನೆಗರ್ ಹಾಕಿ, ಈಮ್ ಜನ ನಾಣ್ಯ ಇಡುತ್ತಿದ್ದರು. ಹೊರಗಿನವರು ಸಾಮಾನು ಇಟ್ಟು ದುಡ್ಡು ಒಯ್ಯುತ್ತಿದ್ದರು. ಹತ್ತಿರದ ಚಾಟ್ಸ್‌ವರ್ತ್ ಬಂಗಲೆಯಲ್ಲಿದ್ದ ಶ್ರೀಮಂತ, ಡೆವನ್‌ಶೈರ್‌ನ ಅರ್ಲ್ ಕೂಡ ಆಹಾರ ಕಳಿಸಿಕೊಟ್ಟರು.

ಊರೊಳಗೆ ಸೇಂಟ್ ಲಾರೆನ್ಸ್ ಚರ್ಚಿದೆ. ಆ ಬೇಸಿಗೆಯಲ್ಲಿ ಅದನ್ನು ಮುಚ್ಚಿ, ಕಕ್ಲೆಟ್ ಡೆಲ್ಫ್ ಎಂಬ ತಗ್ಗಿನಲ್ಲಿ ಬಯಲಲ್ಲೇ ಪ್ರಾರ್ಥನೆ ನಡೆಸಿದರು. ಒಂದು ಮನೆಯವರು ಇನ್ನೊಂದು ಮನೆಯವರಿಂದ ದೂರ ನಿಲ್ಲುತ್ತಿದ್ದರು. ಚರ್ಚಿನ ಅಂಗಳದಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಕಲ್ಲಿನ ಶಿಲುಬೆ ಇದೆ. ಕ್ಯಾಥರೀನ್ ಸಮಾಧಿಯೂ ಅಲ್ಲೇ. ಆಕೆ ಆಗಸ್ಟ್‌ನಲ್ಲಿ ಪ್ಲೇಗಿಗೆ ಬಲಿಯಾದರು.

ಹೆಚ್ಚಿನವರಿಗೆ ಚರ್ಚಿನ ಅಂಗಳದಲ್ಲಿ ಜಾಗ ಸಿಗಲಿಲ್ಲ, ಸತ್ತವರನ್ನು ಮನೆಯವರೇ ಹೊಲದಲ್ಲಿ ಹೂಳಬೇಕಿತ್ತು. ಅದಕ್ಕೇ ಊರಾಚೆಯ ರೈಲಿ ಸಮಾಧಿಗಳ ತನಕ ನಡೆದುಹೋಗಿ. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ 1666ರ ಆಗಸ್ಟ್‌ನಲ್ಲಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಅಲ್ಲಿ ಹೂತರು. ಒಟ್ಟು ಸತ್ತವರು ಸುಮಾರು 260 ಅನ್ನುತ್ತಾರೆ. ಆಗಸ್ಟ್‌ನ ಕೊನೆಯ ಭಾನುವಾರ ಈಗಲೂ ಅವರ ನೆನಪಿಗೆ ಪ್ರಾರ್ಥನೆ ನಡೆಯುತ್ತದೆ.