ಟಿವಿಗೆ 12 ನಿಮಿಷದ ಮಿತಿ, ಯೂಟ್ಯೂಬ್‌ಗೆ ಏಕಿಲ್ಲ?

ಪ್ರಶ್ನೆ: ಟಿವಿ ವಾಹಿನಿಗಳು ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲವಂತೆ. ಯೂಟ್ಯೂಬ್‌ನಲ್ಲಿ ಸಣ್ಣ ವಿಡಿಯೊದ ನಡುವೆಯೇ ನಾಲ್ಕು ಸಲ ಜಾಹೀರಾತು ಬರುತ್ತದೆ. ಸೋಪು ಮಾರುವವರ ಹಣಕ್ಕೆ ಇಬ್ಬರೂ ಕೈಚಾಚುವಾಗ ನಿಯಮ ಒಬ್ಬರಿಗೆ ಮಾತ್ರ ಏಕೆ?

ಉತ್ತರ: ಜಾಹೀರಾತು ಯಾವ ದಾರಿಯಲ್ಲಿ ಮನೆಗೆ ಬರುತ್ತದೆ ಎಂಬುದನ್ನು ನೋಡಿ ನಮ್ಮಲ್ಲಿ ಕಾನೂನು ಬರೆದಿದ್ದಾರೆ. 12 ನಿಮಿಷದ ಮಿತಿ ಇರುವುದು ಕೇಬಲ್ ಟಿವಿ ಜಾಲಗಳ 1994ರ ನಿಯಮಾವಳಿಯಲ್ಲಿ: ಹತ್ತು ನಿಮಿಷ ವಾಣಿಜ್ಯ ಜಾಹೀರಾತು, ಎರಡು ನಿಮಿಷ ವಾಹಿನಿಯ ಸ್ವಂತ ಪ್ರಚಾರ. ಯೂಟ್ಯೂಬ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆ ಕಾಯ್ದೆಯಡಿ 2021ರಲ್ಲಿ ಬಂದ ನಿಯಮಗಳು ಒಟಿಟಿಗಳಿಗೆ ನೀತಿಸಂಹಿತೆ, ವಯೋಮಾನದ ವರ್ಗೀಕರಣ, ದೂರು ಪರಿಹಾರ ಎಲ್ಲವನ್ನೂ ವಿಧಿಸಿದವು. ಜಾಹೀರಾತಿನ ನಿಮಿಷಗಳನ್ನು ಎಣಿಸಲು ಹೋಗಲಿಲ್ಲ.

ಟಿವಿಯವರಾದರೂ ಮಿತಿಗೆ ತಲೆಬಾಗಿದ್ದಾರೆಯೇ? ದೂರಸಂಪರ್ಕ, ಪ್ರಸಾರ ಕ್ಷೇತ್ರಗಳ ನಿಯಂತ್ರಕ ಸಂಸ್ಥೆ ಟ್ರಾಯ್ 2012ರಲ್ಲಿ ಇದಕ್ಕೆಂದೇ ನಿಬಂಧನೆ ಹೊರಡಿಸಿ, ಮರುವರ್ಷ ತಿದ್ದಿತು. ವಾಹಿನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿ, ಬಲವಂತದ ಕ್ರಮ ಬೇಡವೆಂಬ ಮಧ್ಯಂತರ ರಕ್ಷಣೆ ಪಡೆದವು. ಸಂಜೆಯ ಧಾರಾವಾಹಿ ನೋಡುವವರಿಗೆ ಉಳಿದದ್ದನ್ನು ಹೇಳಬೇಕಿಲ್ಲ.

ಹಾಗಾಗಿ ನಿಮಿಷದ ಜಗಳ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಯುರೋಪ್ ಒಕ್ಕೂಟ ಕೂಡ 2018ರಲ್ಲಿ ಗಂಟೆಯ ಲೆಕ್ಕವನ್ನು ಸಡಿಲಿಸಿ, ಬೆಳಿಗ್ಗೆ 6ರಿಂದ ಸಂಜೆ 6 ಮತ್ತು ಸಂಜೆ 6ರಿಂದ ಮಧ್ಯರಾತ್ರಿ ಎಂಬ ಎರಡು ಅವಧಿಗಳಲ್ಲಿ ತಲಾ ಶೇ 20ರ ಮಿತಿ ಇಟ್ಟಿತು. ನಿಮಿಷದ ಲೆಕ್ಕದಲ್ಲಿ ಅದು ಮಾಡಿದ್ದು ಟಿವಿಯ ಕಟ್ಟು ಸಡಿಲಿಸಿದ್ದಷ್ಟೇ.

ನಿಜವಾದ ಅಸಮತೋಲನ ಅಳತೆಯಲ್ಲಿದೆ. ಟಿವಿಯ ವೀಕ್ಷಕರನ್ನು ಎಣಿಸುವುದು ಬಾರ್ಕ್. ಅದರಲ್ಲಿ ವಾಹಿನಿಗಳ ಜೊತೆ ಜಾಹೀರಾತುದಾರರಿಗೂ ಏಜೆನ್ಸಿಗಳಿಗೂ ಪಾಲಿದೆ. ಅದೇನೂ ಕಳಂಕವಿಲ್ಲದ ವ್ಯವಸ್ಥೆಯಲ್ಲ. ವೀಕ್ಷಕರ ಎಣಿಕೆಯನ್ನೇ ತಿರುಚಿದ ಆರೋಪದ 2020ರ ಟಿಆರ್‌ಪಿ ಹಗರಣದ ನಂತರ ಸುದ್ದಿವಾಹಿನಿಗಳ ರೇಟಿಂಗ್ 2022ರ ಮಾರ್ಚ್‌ವರೆಗೆ ನಿಂತೇಹೋಗಿತ್ತು. ಆದರೂ ಲೆಕ್ಕ ಇಡುವವರು ಬೇರೆ, ಮಾರುವವರು ಬೇರೆ. ದೊಡ್ಡ ಆನ್‌ಲೈನ್ ವೇದಿಕೆಗಳಲ್ಲಿ ವಿಡಿಯೊ, ವೀಕ್ಷಕರ ಮಾಹಿತಿ, ಜಾಹೀರಾತು ಹರಾಜು, ಎಷ್ಟು ಜನ ನೋಡಿದರೆಂಬ ವರದಿ ಎಲ್ಲವೂ ಬಹುಪಾಲು ಒಂದೇ ಕಂಪನಿಯ ಕೈಯಲ್ಲಿರುತ್ತವೆ. ಬ್ಯಾಟ್ಸ್‌ಮನ್‌ನೇ ಸ್ಕೋರು ಬರೆದಂತೆ.

ಹೀಗೆ ಒಂದೇ ಕೈಯಲ್ಲಿ ಬಲ ಸೇರುವುದನ್ನು ಕಾನೂನು ಸ್ವಲ್ಪವಾದರೂ ಮುಟ್ಟಿದ್ದು, ಮಾರುಕಟ್ಟೆಯಲ್ಲಿ ಪೈಪೋಟಿ ಕಾಯುವ ಸ್ಪರ್ಧಾ ಆಯೋಗದಲ್ಲಿ. 2023–27ರ ಐಪಿಎಲ್‌ನ ಭಾರತದ ಟಿವಿ ಹಕ್ಕು 23,575 ಕೋಟಿ ರೂಪಾಯಿಗೆ ಸ್ಟಾರ್ ಪಾಲಾಗಿತ್ತು, ಡಿಜಿಟಲ್ ಹಕ್ಕು 20,500 ಕೋಟಿಗೆ ವಯಾಕಾಂ18ಗೆ ಹೋಗಿತ್ತು. ಅದೇ ಪಂದ್ಯ, ಅದೇ ಜಾಹೀರಾತುದಾರರು, ಎದುರಾಬದುರು ಅಂಗಡಿ. ಇಬ್ಬರೂ ಒಂದಾಗಲು ಹೊರಟಾಗ 2024ರ ಆಗಸ್ಟ್‌ನಲ್ಲಿ ಆಯೋಗ ಷರತ್ತಿನ ಒಪ್ಪಿಗೆ ಕೊಟ್ಟಿತು: ಈ ಹಕ್ಕುಗಳ ಅವಧಿ ಮುಗಿಯುವವರೆಗೆ ಕ್ರಿಕೆಟ್‌ನ ಟಿವಿ ಮತ್ತು ಒಟಿಟಿ ಜಾಹೀರಾತುಗಳನ್ನು ಒಂದೇ ಗಂಟಾಗಿ ಕಟ್ಟಿ ಮಾರುವಂತಿಲ್ಲ. ಏಳು ವಾಹಿನಿಗಳನ್ನು ಬಿಟ್ಟುಕೊಡಬೇಕು. ನಮ್ಮ ಕಲರ್ಸ್ ಸೂಪರ್ ಕೂಡ ಆ ಪಟ್ಟಿಯಲ್ಲಿತ್ತು. ಟಿವಿಯ ಬಲವನ್ನು ಮೊಬೈಲಿನ ಮೇಲೂ ಹೇರಬಹುದೆಂಬ ಅನುಮಾನ ಆ ಷರತ್ತಿನಲ್ಲಿ ಸ್ಪಷ್ಟವಾಗಿದೆ.

ಗೂಗಲ್‌ನಂಥವರ ವಿಷಯದಲ್ಲಿ ದಾರಿ ಉದ್ದ. ಜಾಹೀರಾತು ಆದಾಯದ ಲೆಕ್ಕ ಪಾರದರ್ಶಕವಾಗಿಲ್ಲವೆಂದು ಸುದ್ದಿಸಂಸ್ಥೆಗಳು ದೂರಿದಾಗ ಆಯೋಗ 2022ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಸುದ್ದಿವಾಹಿನಿಗಳ ಸಂಘದ ದೂರನ್ನೂ ಅದೇ ವರ್ಷ ಸೇರಿಸಲಾಯಿತು. ತಪ್ಪು ನಡೆದ ಮೇಲೆ ತನಿಖೆ ಮಾಡುವ ಈ ಪದ್ಧತಿ ನಿಧಾನವೆಂದೇ 2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಬಂದದ್ದು. ಮೊದಲೇ ನಿಯಮ ಹೇರಬಹುದಾದ ಸೇವೆಗಳ ಅದರ ಪಟ್ಟಿಯಲ್ಲಿ ವಿಡಿಯೊ ಹಂಚಿಕೆಯೂ ಇದೆ, ಜಾಹೀರಾತು ಸೇವೆಯೂ ಇದೆ. ಕಂಪನಿಗಳ ವಿರೋಧ ಜೋರಾಗಿಯೇ ಬಂತು. ಯೂಟ್ಯೂಬ್‌ಗೂ 12 ನಿಮಿಷ ವಿಧಿಸಿ ಎಂದು ಕೇಳುವ ಬದಲು, ವಾಹಿನಿಗಳು ಆ ಪಟ್ಟಿಯ ಎರಡು ಸಾಲುಗಳನ್ನು ಉಳಿಸಿಕೊಳ್ಳಲು ಹೋರಾಡಿದರೆ ಹೆಚ್ಚು ಲಾಭ ಎಂಬುದು ನನ್ನ ಎಣಿಕೆ.